ಕಾಲುವೆ ಹಿಡಿದು ಮೆಂಡೋಸಾ ಸುತ್ತಿದ್ದು

ಅರ್ಜೆಂಟೀನಾದ ಮೆಂಡೋಸಾ ಅಂದ ಕೂಡಲೇ ಎಲ್ಲರಿಗೂ ವೈನ್ ನೆನಪಾಗುತ್ತದೆ. ಆದರೆ ಸೈಕಲ್ ತುಳಿಯುವವನಿಗೆ ಮೊದಲು ತಟ್ಟುವುದು ಅಲ್ಲಿನ ಬರ. ವರ್ಷಕ್ಕೆ ಹೆಚ್ಚುಕಮ್ಮಿ 200 ಮಿ.ಮೀ. ಮಳೆ, ಅಷ್ಟೇ. ಕಣ್ಣಿಗೆ ಕಾಣುವ ಹಸಿರೆಲ್ಲ ಆಂಡಿಸ್ ಬೆಟ್ಟದ ಹಿಮ ಕರಗಿ ಬಂದ ನೀರಿನದು. ಹಾಗಾಗಿ ನಾನು ವೈನರಿಗಳ ಪಟ್ಟಿ ಬದಿಗಿಟ್ಟು, ಕಾಲುವೆ ಎಲ್ಲೆಲ್ಲಿ ಹರಿಯುತ್ತದೆ ಅಂತ ನೋಡಿ ದಾರಿ ಆರಿಸಿಕೊಂಡೆ. ಕಾಲುವೆ ಪಕ್ಕ ಮರ ಇರುತ್ತವೆ, ಮರ ಇದ್ದರೆ ನೆರಳು. ಬಿಸಿಲಲ್ಲಿ ಹೊರೆ ಹೊತ್ತು ತುಳಿಯುವವರಿಗೆ ಇನ್ನೇನು ಬೇಕು?

ಈ ಕಾಲುವೆಗಳಿಗೆ ಅಲ್ಲಿ ಅಸೇಕಿಯ ಅನ್ನುತ್ತಾರೆ. ಸ್ಪೇನಿನವರು ಬರುವ ಮೊದಲೇ ಊವಾರ್ಪೆ ಜನ ಇಲ್ಲಿ ನೀರು ತಿರುಗಿಸಿ ಬೇಸಾಯ ಮಾಡುತ್ತಿದ್ದರು. 1884ರ ನೀರಿನ ಕಾನೂನಿನ ಪ್ರಕಾರ ಇವತ್ತಿಗೂ ನೀರಿನ ಹಕ್ಕು ಜಮೀನಿನ ಜೊತೆಗೇ ಹೋಗುತ್ತದೆ. ಸರದಿ ಬಂದಾಗ ತೂಬು ತೆಗೆಯಲು ತೊಮೇರೊ ಇದ್ದಾನೆ, ಥೇಟ್ ನಮ್ಮ ಕೆರೆ ಕೆಳಗಿನ ನೀರುಗಂಟಿಯಂತೆ. ಪಟ್ಟಣದೊಳಗೂ ರಸ್ತೆಗೂ ಫುಟ್‌ಪಾತಿಗೂ ನಡುವೆ ಇವೇ ಕಾಲುವೆಗಳು. ಆಳ ಜಾಸ್ತಿ, ಬಹಳ ಕಡೆ ಮುಚ್ಚಳ ಇಲ್ಲ. ಕತ್ತಲಾದ ಮೇಲೆ ಅಂಚಿನಲ್ಲಿ ಸೈಕಲ್ ಓಡಿಸಬೇಡಿ.

ಒಂದೇ ದಿನ ಇದ್ದರೆ ಪಕ್ಕದ ಮೈಪು ಊರು ಸಾಕು. ಮೆಂಡೋಸಾ ನಗರದಿಂದ ಟ್ರಾಮ್ ಇದೆ, ಅಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಮೈಪುವಿನ ಕೊಕಿಂಬಿತೊದಲ್ಲಿ ಲಾ ರೂರಲ್ ವೈನರಿಯ ಮ್ಯೂಸಿಯಂ ನೋಡಿ. ಹಿಂದೆ ದ್ರಾಕ್ಷಿ ತುಳಿಯಲು ಬಳಸುತ್ತಿದ್ದ ಎತ್ತಿನ ಚರ್ಮದ ತೊಟ್ಟಿ ಅಲ್ಲಿದೆ. ನನಗೆ ರುಚಿ ನೋಡಿದ್ದಕ್ಕಿಂತ ಅದೇ ಹೆಚ್ಚು ಹಿಡಿಸಿತು.

ನಾನು ಹೋಗಿದ್ದು ಮಾರ್ಚ್‌ನಲ್ಲಿ, ಕೊಯ್ಲಿನ ಕಾಲ. ಹಣ್ಣು ತುಂಬಿದ ಲಾರಿಗಳು ಸಣ್ಣ ರಸ್ತೆಯಲ್ಲೂ ಮೈಮೇಲೇ ಬರುತ್ತವೆ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಒಂದರೊಳಗೆ ದಾರಿ ಮುಗಿಸುವುದು ನನ್ನ ಕ್ರಮ. ಆಮೇಲೆ ಸಿಯೆಸ್ತಾ, ಅಂದರೆ ಅಂಗಡಿ ಮುಚ್ಚಿ ಮಧ್ಯಾಹ್ನ ಮಲಗುವ ಹೊತ್ತು. ಚಿಕ್ಕ ಊರುಗಳಲ್ಲಿ ಸಂಜೆ ಐದರ ತನಕ ಒಂದು ಬಾಳೆಹಣ್ಣೂ ಸಿಗಲ್ಲ. ರಾತ್ರಿ ಊಟ ಶುರುವಾಗುವುದೇ ಒಂಬತ್ತಕ್ಕೆ. ಸಸ್ಯಾಹಾರಿಗಳಿಗೆ ಚೀಸ್ ಅಥವಾ ಜೋಳದ ಎಂಪನಾಡವೇ (ನಮ್ಮ ಕಡುಬಿನಂಥದ್ದು) ಗತಿ. ನಾಲ್ಕು ದಿನ ತಿಂದರೆ ಬೇಜಾರಾಗುತ್ತೆ, ಅದು ಬೇರೆ ಮಾತು.

ಊಕೊ ಕಣಿವೆ ಕಡೆ ಹೊರಟರೆ ಲೆಕ್ಕ ಬೇರೆ. ಮೆಂಡೋಸಾದಿಂದ ತುಪುಂಗಾತೊಗೆ ಸುಮಾರು 80 ಕಿ.ಮೀ., ಒಟ್ಟಾರೆ ಏರು ದಾರಿ. ನಡುವೆ ನೀರೂ ಇಲ್ಲ, ನೆರಳೂ ಇಲ್ಲ. ನಾಲ್ಕು ಲೀಟರ್ ಹೊತ್ತು ಹೋದೆ, ಅದು ಜಾಸ್ತಿ ಆಗಲಿಲ್ಲ. ಮೇಲೆ ಗ್ವಾಲ್ತಯಾರಿ ಅನ್ನುವ ಜಾಗದ ಸುತ್ತಮುತ್ತ ದ್ರಾಕ್ಷಿ ತೋಟಗಳು 1,500 ಮೀಟರ್ ಹತ್ತಿರ ಇವೆ. ಹಗಲು ಚುರುಕು ಬಿಸಿಲು, ರಾತ್ರಿ ಚಳಿ. ಇಲ್ಲಿನ ಮಾಲ್ಬೆಕ್ ತಳಿಯ ದ್ರಾಕ್ಷಿಯ ಸಿಪ್ಪೆ ದಪ್ಪಗಾಗಿ ಬಣ್ಣ ಗಾಢವಾಗುವುದು ಇದರಿಂದಲೇ. ಇಲ್ಲಿ ಹನಿ ನೀರಾವರಿ, ಹಾಗಾಗಿ ಸಾಲು ಮರದ ಕಾಲುವೆ ದಾರಿಗಳು ಕಮ್ಮಿ. ಬಳ್ಳಿಗಳ ಮೇಲೆ ಆಲಿಕಲ್ಲು ತಡೆಯುವ ಬಲೆ ಹೊದಿಸಿರುತ್ತಾರೆ.

ಜೊಂಡಾ ಗಾಳಿ ಬೀಸುವ ದಿನ ಮಾತ್ರ ಸುಮ್ನೆ ರೂಮಿನಲ್ಲೇ ಇರಿ. ಆಂಡಿಸ್ ದಾಟಿ ಇಳಿಯುವ ಆ ಒಣ ಬಿಸಿಗಾಳಿ ಧೂಳು ಹೊತ್ತು ತರುತ್ತದೆ, ಮುಂದೆ ಸಾಗಲು ಬಿಡಲ್ಲ. ರಸ್ತೆಬದಿ ಮುಳ್ಳುಗಳೂ ಕಮ್ಮಿಯಿಲ್ಲ, ಟಯರಿನೊಳಗೆ ತೂತು ತಾನೇ ಮುಚ್ಚುವ ಸೀಲಂಟ್ ದ್ರವ ಹಾಕಿಸಿಕೊಳ್ಳಿ. ವೈನರಿಗೆ ಹಿಂದಿನ ದಿನವೇ ಬುಕ್ ಮಾಡಿ, ಭಾನುವಾರ ಬಹಳಷ್ಟು ಮುಚ್ಚಿರುತ್ತವೆ. ಇನ್ನು ಕುಡಿಯುವುದು: ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಮುಜುಗರ ಬೇಡ. ಇನ್ನೂ ತುಳಿಯೋದು ಬಾಕಿ ಇರುತ್ತದಲ್ವಾ?