ದಿನಕ್ಕೊಂದೇ ಮ್ಯೂಸಿಯಂ, ಒಳಗೆ ಎರಡೇ ವಸ್ತು

"ಇನ್ನೂರು ಕ್ರೋನ ಕೊಟ್ಟು ಒಳಗೆ ಹೋಗಿ, ಎರಡೇ ಎರಡು ವಸ್ತು ನೋಡ್ಕೊಂಡು ಬರ್ತೀಯಾ?" ಅಂತ ಇಲ್ಲಿನ ಕನ್ನಡದ ಗೆಳೆಯರು ನಕ್ಕಿದ್ದರು. ಅಪ್ಪ-ಅಮ್ಮ ಮೂರು ತಿಂಗಳ ವೀಸಾದಲ್ಲಿ ಸ್ಟಾಕ್‌ಹೋಮ್‌ಗೆ ಬಂದಾಗ ಅದನ್ನೇ ಮಾಡಿದೆ. ಈಗ ಅದೇ ಗೆಳೆಯರು "ಪ್ಲಾನ್ ಕಳಿಸು ಮಾರಾಯ" ಅಂತಿದ್ದಾರೆ.

ಅದಕ್ಕೂ ಮೊದಲು ಅತ್ತೆ-ಮಾವ ಬಂದಿದ್ದಾಗ ಎಲ್ಲಾ ಕಡೆ ನಡೆಯೋ ಪಾಸ್ ಕೊಂಡಿದ್ವಿ, ತಲೆಗೆ ಸಾವಿರ ಕ್ರೋನ ದಾಟಿತ್ತು. ಪಾಸಿನ ದುಡ್ಡು ಹುಟ್ಟಬೇಕಲ್ಲ, ದಿನಕ್ಕೆ ಮೂರು ಮ್ಯೂಸಿಯಂ ಓಟ. ಎರಡನೇ ದಿನ ಮಧ್ಯಾಹ್ನಕ್ಕೆ ಮಾವನವರ ಮಂಡಿ ಊದಿಕೊಂಡಿತು, ಅತ್ತೆ ಕೆಫೆಯಲ್ಲೇ ಕೂತುಬಿಟ್ಟರು. ಮಿಕ್ಕ ಪಾಸು ನೀರುಪಾಲು, ಕೆಫೆ ಬಿಲ್ಲು ಬೇರೆ.

ಈ ಸಲ ಪಾಸ್ ಇಲ್ಲ. 65 ದಾಟಿದವರಿಗೆ ಎಸ್‌ಎಲ್ (ಇಲ್ಲಿನ ಬಸ್ಸು-ಮೆಟ್ರೋ ಸಾರಿಗೆ) ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಸ್ಲುಸ್ಸೆನ್‌ನಿಂದ ಮ್ಯೂಸಿಯಂಗಳಿರೋ ಯೂರ್‌ಗೋರ್ಡನ್ ದ್ವೀಪಕ್ಕೆ ಹೋಗೋ ದೋಣಿಗೂ ಅದೇ ಟಿಕೆಟ್ ನಡೆಯುತ್ತೆ. ಡಬ್ಬಿಯಲ್ಲಿ ಚಿತ್ರಾನ್ನ.

ವಾಸಾ ಹಡಗಿನ ಮ್ಯೂಸಿಯಂಗೆ ಬುಧವಾರ ಸಂಜೆಯೇ ಹೋಗಬೇಕು. ಬೇಸಿಗೆ ಬಿಟ್ಟರೆ ಅವತ್ತು ರಾತ್ರಿ ಎಂಟರವರೆಗೆ ತೆಗೆದಿರುತ್ತೆ, ಟೂರ್ ಬಸ್ಸಿನವರು ಅಷ್ಟೊತ್ತಿಗೆ ಜಾಗ ಖಾಲಿ ಮಾಡಿರ್ತಾರೆ. ಒಳಗೆ ತಣ್ಣಗಿರುತ್ತೆ, ಸ್ವೆಟರ್ ಬಿಚ್ಚಿಸಬೇಡಿ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆದ್ದ ಹಡಗು ಇದು. ನಾನು ಅಪ್ಪನಿಗೆ ಅಂತ ಆರಿಸಿಟ್ಟಿದ್ದು ಹಡಗಿನಲ್ಲಿ ಸಿಕ್ಕ, ಅದನ್ನ ಕಟ್ಟಿದವರ ಅಳತೆಪಟ್ಟಿಗಳನ್ನ. ಒಟ್ಟು ನಾಲ್ಕು: ಎರಡರಲ್ಲಿ ಸ್ವೀಡನ್ನಿನ ಅಡಿ, ಹನ್ನೆರಡು ಇಂಚು, ಇನ್ನೆರಡರಲ್ಲಿ ಆಮ್‌ಸ್ಟರ್‌ಡಾಮ್ ಅಡಿ, ಹನ್ನೊಂದೇ ಇಂಚು. ಹಡಗಿನ ಎಡ-ಬಲ ಒಂದೇ ಸಮ ಇಲ್ಲ. ಪಿಡಬ್ಲ್ಯುಡಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸವೆಸಿದ ಮನುಷ್ಯ ಕೈ ಹಿಂದೆ ಕಟ್ಟಿ ಅರ್ಧ ಗಂಟೆ ನಿಂತರು. "ಎಡಕ್ಕೊಬ್ಬ ಮೇಸ್ತ್ರಿ, ಬಲಕ್ಕೊಬ್ಬ ಮೇಸ್ತ್ರಿ. ನಾನಾಗಿದ್ರೆ ಬಿಲ್ ಪಾಸ್ ಮಾಡ್ತಿರ್ಲಿಲ್ಲ." ಟಿಕೆಟ್ ದುಡ್ಡು ಅಲ್ಲಿಗೇ ವಸೂಲು.

ಹಿಸ್ಟೋರಿಸ್ಕಾ ಅನ್ನೋ ಇತಿಹಾಸದ ಮ್ಯೂಸಿಯಂನಲ್ಲಿ ಎಲ್ಲರೂ ನೆಲಮಾಳಿಗೆಯ ಚಿನ್ನದ ಕೋಣೆಗೆ ನುಗ್ತಾರೆ. ಐವತ್ತು ಕೇಜಿ ಮೇಲೆ ಚಿನ್ನ ಇದೆ, ಸುಳ್ಳಲ್ಲ. ಅಮ್ಮನನ್ನ ನಾನು ಮೊದಲು ಕರ್ಕೊಂಡು ಹೋಗಿದ್ದು ಹೆಲ್ಗೋ ಬುದ್ಧ ಅನ್ನೋ ಪುಟ್ಟ ಮೂರ್ತಿಯ ಹತ್ತಿರ. ಇಲ್ಲೇ ಮೆಲಾರನ್ ಸರೋವರದ ಹೆಲ್ಗೋ ದ್ವೀಪದಲ್ಲಿ 1950ರ ದಶಕದಲ್ಲಿ ಅಗೆಯುವಾಗ ಸಿಕ್ಕಿದ್ದು. ಎರಕ ಹೊಯ್ದಿದ್ದು ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯ ಕಡೆ, ಸುಮಾರು ಆರನೇ ಶತಮಾನದಲ್ಲಿ. ಎಂಟೂವರೆ ಸೆಂಟಿಮೀಟರ್ ಕೂಡ ಇಲ್ಲ. ಸಿಕ್ಕಾಗ ಕುತ್ತಿಗೆಗೂ ಕೈಗೂ ಚರ್ಮದ ಪಟ್ಟಿ ಸುತ್ತಿತ್ತಂತೆ. "ನಮ್ಮನೆ ದೇವರ ಗೂಡಿನ ಕೃಷ್ಣನಷ್ಟೇ ಇದಾನೆ, ಇಷ್ಟು ದೂರ ಯಾರು ತಂದ್ರೋ" ಅಂತ ಅಮ್ಮ ಗಾಜಿಗೆ ಮೂಗು ತಾಗಿಸಿ ನಿಂತರು. ಆಮೇಲೆ ಚಿನ್ನದ ಕೋಣೆಯಲ್ಲಿ ಹತ್ತು ನಿಮಿಷಕ್ಕೆ "ಸಾಕು ನಡಿ" ಅಂದಿದ್ದೂ ಅವರೇ.

ಇದರ ಮಧ್ಯೆ ಇನ್ನೊಂದು ಪ್ರಯೋಗ: ಆಡಿಯೋ ಗೈಡ್ ಬದಲು ನಾನೇ ಕನ್ನಡದಲ್ಲಿ ಐದೈದು ನಿಮಿಷ ರೆಕಾರ್ಡ್ ಮಾಡಿ ಅವರ ಫೋನಿಗೆ ಹಾಕಿದ್ದೆ. ವಾಸಾದಲ್ಲಿ ಚೆನ್ನಾಗಿ ನಡೀತು. ಸ್ಕಾನ್ಸೆನ್ ಬಯಲು ಮ್ಯೂಸಿಯಂನಲ್ಲಿ ಗಾಳಿಗೆ ಏನೂ ಕೇಳಿಸಲಿಲ್ಲ. ಅಪ್ಪ ಇಯರ್‌ಫೋನ್ ಜೇಬಿಗೆ ಹಾಕ್ಕೊಂಡು ಗಾಜು ಊದುವವನ ಕುಲುಮೆ ಹತ್ತಿರ ಮೈ ಕಾಯಿಸ್ತಾ ನಿಂತರು. ಚಳಿಗಾಲದಲ್ಲಿ ಅಲ್ಲಿ ಹಳೇ ಮನೆಗಳು ಎಷ್ಟೋ ಮುಚ್ಚಿರುತ್ತವೆ, ದುಡ್ಡು ಕೊಡೋ ಮುಂಚೆ ಯಾವುದು ತೆಗೆದಿದೆ ಅಂತ ನೋಡ್ಕೊಳ್ಳಿ.

ನಾಲ್ಕೂ ಜನಕ್ಕೆ ಓಡಾಟ, ಟಿಕೆಟ್ ಎಲ್ಲಾ ಸೇರಿ ಹೋದ ಸಲದ ಅರ್ಧದಷ್ಟೂ ಆಗಲಿಲ್ಲ. ನೋರ್ಡಿಸ್ಕಾ ಮ್ಯೂಸಿಯಂನಲ್ಲಿ ಆರಾಮಾಗಿ ಕಾಲು ಚಾಚಿ ಕೂರೋಕೆ ಒಂದು ಮೂಲೆ ಹುಡುಕಿಟ್ಟಿದ್ದೀನಿ. ಎಲ್ಲಿ ಅಂತ ಮಾತ್ರ ಕೇಳಬೇಡಿ, ಮುಂದಿನ ಬೇಸಿಗೆಗೆ ಅತ್ತೆ-ಮಾವ ಮತ್ತೆ ಬರ್ತಿದ್ದಾರೆ.