38 ಸಾಲಿನ ಕೋಷ್ಟಕ

2020ರ ಆಗಸ್ಟ್. ಸಿಂಧನೂರು ಕಡೆಯ ನಮ್ಮ ಹೈಸ್ಕೂಲಿಗೆ ಬೀಗ ಬಿದ್ದು ಐದು ತಿಂಗಳಾಗಿತ್ತು. ಬೆಳಿಗ್ಗೆ 11ಕ್ಕೆ ಗೂಗಲ್ ಮೀಟ್ ಹಚ್ಚಿಕೊಂಡು ಕೂತರೆ 38 ಮಕ್ಕಳಲ್ಲಿ ಬರುತ್ತಿದ್ದುದು ಏಳೆಂಟು ಮಂದಿ. 'ಸರ, ಕೇಳವಲ್ದ್ರಿ' ಅನ್ನುವುದು ಬಿಟ್ಟರೆ ಅವರಿಂದ ಬೇರೆ ಮಾತಿಲ್ಲ.

8ನೇ ತರಗತಿಗೆ ಮೌರ್ಯರ ಪಾಠ ನಡೆದಿತ್ತು. ಮಸ್ಕಿ ನಮ್ಮ ರಾಯಚೂರು ಜಿಲ್ಲೆಯದೇ. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇದ್ದುದರಿಂದ 'ದೇವಾನಾಂಪ್ರಿಯ' ಎಂಬ ಬಿರುದಿನ ರಾಜ ಯಾರೆಂಬುದು ಗಟ್ಟಿಯಾಯಿತು. ಇಷ್ಟು ಹತ್ತಿರದ ಸಂಗತಿಯನ್ನು ನಾನೇ ಒದರುವ ಬದಲು ಮಕ್ಕಳಿಂದ ಬರೆಸೋಣ ಎಂದು ಒಂದು ಗೂಗಲ್ ಡಾಕ್ಸ್ ಕಡತ ಮಾಡಿ, ಲಿಂಕ್ ಇದ್ದವರೆಲ್ಲ ತಿದ್ದುವಂತೆ ಬಿಟ್ಟು, ವಾಟ್ಸಾಪ್ ಗುಂಪಿಗೆ ಹಾಕಿದೆ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದ ನನ್ನ ಟಿಪ್ಪಣಿ ಅಲ್ಲಿಗೆ ಅಂಟಿಸಿದರೆ ಬರೀ ಗೀಚು. ಯೂನಿಕೋಡಿನಲ್ಲಿ ಮತ್ತೆ ಕುಟ್ಟಿದೆ.

ಮೂರನೇ ದಿನ ಬೆಳಿಗ್ಗೆ ಒಬ್ಬ ಹುಡುಗನ ಫೋನು: 'ಸರ, ಎಲ್ಲಾ ಅಳಿಸಿ ಹೋಗೈತ್ರಿ. ನಾ ಅಲ್ರಿ!' ತೆರೆದು ನೋಡಿದರೆ ಖಾಲಿ ಹಾಳೆ, ಮೂಲೆಯಲ್ಲೊಂದು 'ಹಾಯ್'. ಕಂಪ್ಯೂಟರಿನಲ್ಲಿ ಫೈಲ್ ಮೆನುವಿನ ವರ್ಷನ್ ಹಿಸ್ಟರಿಗೆ (ಯಾವ ಖಾತೆಯಿಂದ, ಯಾವಾಗ ತಿದ್ದಿದರೆಂಬ ದಾಖಲೆ) ಹೋಗಿ ಹಿಂದಿನ ಪ್ರತಿಯನ್ನು ವಾಪಸ್ ತಂದೆ. ಎರಡು ನಿಮಿಷದ ಕೆಲಸ. ಅಳಿಸಿದ್ದು ಯಾರೆಂದು ಮಾತ್ರ ಹತ್ತಲಿಲ್ಲ. ಖಾತೆಗಳೆಲ್ಲ ಅಪ್ಪಂದಿರವು, ಒಂದರ ಹೆಸರು 'ಜೈ ಹನುಮಾನ್'.

ಕಳ್ಳನನ್ನು ಹುಡುಕಲು ಹೋದವನಿಗೆ ಅಲ್ಲಿ ಸಿಕ್ಕಿದ್ದು ಗಡಿಯಾರ. ಹೆಚ್ಚುಕಡಿಮೆ ಎಲ್ಲರೂ ಬರೆದದ್ದು ರಾತ್ರಿ 8.30ರಿಂದ 11ರೊಳಗೆ. ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತದ ನಾಟಿ ಜೋರಿತ್ತು. ಮನೆಯ ಒಂದೇ ಫೋನು ಹಗಲೆಲ್ಲ ಅಪ್ಪನ ಅಂಗಿಯ ಕಿಸೆಯಲ್ಲಿ ಗದ್ದೆಗೆ ಹೋಗುತ್ತಿತ್ತು. ನಾನೋ ಹಾಜರಿ ಕಡಿಮೆ ಎಂದು ಮಕ್ಕಳನ್ನೇ ಬೈಯುತ್ತಿದ್ದೆ.

11ರ ಮೀಟ್ ಬಿಟ್ಟೆ. ಡಾಕ್ಸಿನಲ್ಲೇ 38 ಸಾಲಿನ ಕೋಷ್ಟಕ ಹಾಕಿದೆ: ಹಾಜರಿ ಸಂಖ್ಯೆ, ನಿನ್ನ ಮಾತು, ಇದು ಎಲ್ಲಿಂದ ತಿಳಿಯಿತು. ತನ್ನ ಸಾಲು ಬಿಟ್ಟು ಬೇರೆಯದನ್ನು ಮುಟ್ಟಬಾರದು. ಇನ್ನೊಬ್ಬರ ತಪ್ಪು ಕಂಡರೆ ಕಾಮೆಂಟ್ ಹಾಕಬೇಕು. ಗೂಗಲ್ ಶೀಟ್ಸಿನಲ್ಲಾದರೆ ಸಾಲುಗಳಿಗೆ ಬೀಗ ಹಾಕಬಹುದು, ಆದರೆ ಸಣ್ಣ ಫೋನಿನಲ್ಲಿ ಆ ಚೌಕಗಳೊಳಗೆ ನಾಲ್ಕು ವಾಕ್ಯ ಬರೆಯುವುದು ಮಕ್ಕಳಿಗೆ ಹಿಂಸೆ. ರಾತ್ರಿ 9ಕ್ಕೆ ಊಟ ಮುಗಿಸಿ ನಾನೂ ಅದೇ ಕಡತದಲ್ಲಿ ಕೂಡುತ್ತಿದ್ದೆ. ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿಯ ಕರ್ಸರ್ 'ಬ್ರಾಹ್ಮೀ' ಎಂದು ಬರೆದು, ಅಳಿಸಿ, ಒತ್ತಕ್ಷರ ಸರಿ ಬರುವ ತನಕ ಮತ್ತೆ ಬರೆಯುವುದನ್ನು ನೋಡುತ್ತ ಕೂತದ್ದು ನೆನಪಿದೆ. ಕರಿಹಲಗೆಯ ಮುಂದೆ ನಿಂತು ಅಷ್ಟು ಹೊತ್ತು ನಾನು ಯಾರಿಗೂ ಕಾದವನಲ್ಲ.

ಪುಕ್ಕಟೆ ಸಿಕ್ಕದ್ದು ಉಳಿಯುತ್ತದೆಂದು ನಂಬಬೇಡಿ. ಮಕ್ಕಳು ಮೆಚ್ಚಿದ್ದ ಆನ್‌ಲೈನ್ ಬಿಳಿಹಲಗೆ ಜಾಮ್‌ಬೋರ್ಡನ್ನು ಗೂಗಲ್ 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಈಗ ಪ್ರತಿ ತಿಂಗಳು ಎಲ್ಲವನ್ನೂ ಪಿಡಿಎಫ್ ಮಾಡಿ ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತೇನೆ.

ಆ ಕೋಷ್ಟಕವೂ ಅದರಲ್ಲಿದೆ. 17ನೇ ಸಾಲಿನಲ್ಲಿ ಹುಡುಗನ ಉತ್ತರದ ಕೆಳಗೆ ಮೈಕ್ ಒತ್ತಿ ಹೇಳಿದ, ಚುಕ್ಕೆ-ಅಲ್ಪವಿರಾಮ ಒಂದೂ ಇಲ್ಲದ ಮಾತು: 'ಸರ ನಾ ಇವನ ಅಪ್ಪ ರೀ ಸಣ್ಣಾಂವ ಇದ್ದಾಗ ಆ ಕಲ್ಲಿನ ಹತ್ರ ಕುರಿ ಕಾಯ್ದೀನಿ ಅದರಾಗ ಏನ ಬರದಾರ ಅಂತ ಯಾರೂ ಹೇಳಿದ್ದಿಲ್ರಿ'. ಮರುದಿನವೇ ಕೋಷ್ಟಕಕ್ಕೆ ಇನ್ನೊಂದು ಕಂಬಸಾಲು ಸೇರಿಸಿದೆ: ಮನೆಯವರು ಹೇಳಿದ್ದು.