ಥ್ಯಾಂಕ್ಸ್‌ಗಿವಿಂಗ್ ದಿನ ನ್ಯೂಯಾರ್ಕ್‌ನಲ್ಲಿ ಹೊರಗೆ ಊಟ: ಟೇಬಲ್ ಹಿಡಿಯುವುದರಿಂದ ಬಿಲ್ ಕೊಡುವವರೆಗೆ

ಮಗಳ ಮನೆಗೋ ಮಗನ ಮನೆಗೋ ಅಂತ ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರು, ಅಲ್ಲೇ ಓದುತ್ತಿರುವ ಹುಡುಗರು, ಹೊಸದಾಗಿ ಕೆಲಸಕ್ಕೆ ಸೇರಿದವರು ಎಲ್ಲರಿಗೂ ನವೆಂಬರ್ ಕೊನೆಯಲ್ಲಿ ಒಂದೇ ಪ್ರಶ್ನೆ. ಥ್ಯಾಂಕ್ಸ್‌ಗಿವಿಂಗ್ ಅನ್ನುವ ಕೃತಜ್ಞತೆಯ ಹಬ್ಬಕ್ಕೆ ಊರಿಗೆ ಊರೇ ಊಟಕ್ಕೆ ಕೂತಿರುತ್ತದೆ, ನಾವೇನು ಮಾಡೋದು? ಮನೆಯಲ್ಲೇ ಟರ್ಕಿ ಕೋಳಿ ಬೇಯಿಸುತ್ತೇವೆ ಅನ್ನುವವರಿಗೆ ಒಂದು ಮಾತು. ಏಳು ಕಿಲೋ ತೂಗುವ ಟರ್ಕಿಯ ಐಸ್ ಬಿಡಿಸಲು ಫ್ರಿಜ್ಜಿನಲ್ಲಿ ಮೂರು ದಿನ ಬೇಕು. ಆಮೇಲೆ ಓವನ್‌ನಲ್ಲಿ ನಾಲ್ಕು ಗಂಟೆ. ಮ್ಯಾನ್‌ಹಟನ್‌ನ ಅಂಗೈ ಅಗಲದ ಅಡುಗೆಮನೆಗಳಲ್ಲಿ ಇದು ಆಗುಹೋಗುವ ಮಾತಲ್ಲ. ಹಾಗಾಗಿ ಅಲ್ಲಿಯವರೇ ಎಷ್ಟೋ ಜನ ರೆಸ್ಟೋರೆಂಟ್‌ಗೆ ಹೋಗುತ್ತಾರೆ.

ಆದರೆ ಅವತ್ತಿನ ಊಟ ಬೇರೆ ದಿನದಂತೆ ಸುಮ್ನೆ ಹೋಗಿ ಕೂತು ತಿಂದು ಬರುವಂಥದ್ದಲ್ಲ. ನಮ್ಮ ಮದುವೆಮನೆಯ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಏನು ಬಡಿಸುತ್ತಾರೆ ಅನ್ನುವುದು ಮೊದಲೇ ನಿಗದಿ, ಎಷ್ಟು ಹೊತ್ತು ಕೂರಬಹುದು ಅನ್ನುವುದೂ ನಿಗದಿ, ಮುಂದಿನ ಪಂಕ್ತಿಯವರು ಆಗಲೇ ಬಾಗಿಲಲ್ಲಿ ನಿಂತಿರುತ್ತಾರೆ. ಇದೊಂದು ತಲೆಯಲ್ಲಿದ್ದರೆ ಉಳಿದದ್ದೆಲ್ಲ ಸಲೀಸು.

ಮೊದಲು ತಾರೀಕು

ನವೆಂಬರ್‌ನ ನಾಲ್ಕನೇ ಗುರುವಾರ. 2026ರಲ್ಲಿ ಅದು 26ನೇ ತಾರೀಕು. ಕೊನೆಯ ಗುರುವಾರ ಅಂದುಕೊಂಡು ಬುಕ್ ಮಾಡಬೇಡಿ, ಐದು ಗುರುವಾರ ಬಂದ ವರ್ಷ ಒಂದು ವಾರ ತಪ್ಪಿಹೋಗುತ್ತದೆ. 1863ರಲ್ಲಿ ಅಧ್ಯಕ್ಷ ಲಿಂಕನ್ ಘೋಷಿಸಿದಾಗ ಕೊನೆಯ ಗುರುವಾರವೇ ಇತ್ತು. ಕ್ರಿಸ್‌ಮಸ್ ವ್ಯಾಪಾರಕ್ಕೆ ಇನ್ನೊಂದು ವಾರ ಸಿಗಲಿ ಅಂತ 1939ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ಒಂದು ವಾರ ಮುಂಚಿತವಾಗಿ ತಂದರು, ದೊಡ್ಡ ಗಲಾಟೆಯಾಯಿತು. ಕೊನೆಗೆ 1941ರಲ್ಲಿ ಕಾನೂನೇ ಬಂದು ನಾಲ್ಕನೇ ಗುರುವಾರ ಅಂತ ಗಟ್ಟಿಯಾಯಿತು. ಟೊರಾಂಟೊದಲ್ಲಿ ನೆಂಟರಿದ್ದರೆ ಅವರ ತಾರೀಕಿಗೂ ಇದಕ್ಕೂ ಸಂಬಂಧವಿಲ್ಲ. ಕೆನಡಾದಲ್ಲಿ ಹಬ್ಬ ಅಕ್ಟೋಬರ್‌ನ ಎರಡನೇ ಸೋಮವಾರವೇ ಮುಗಿದಿರುತ್ತದೆ.

ಮೂರು ವಾರ ಮುಂಚೆ ಟೇಬಲ್ ಹಿಡಿಯಿರಿ

ಅಕ್ಟೋಬರ್ ಕೊನೆಗೆಲ್ಲ ರೆಸ್ಟೋರೆಂಟ್‌ಗಳು ಅವತ್ತಿನ ಮೆನುವನ್ನು ತಮ್ಮ ವೆಬ್‌ಸೈಟಿಗೆ ಹಾಕಲು ಶುರುಮಾಡುತ್ತವೆ. ಓಪನ್‌ಟೇಬಲ್, ರೆಸಿ ಆಪ್‌ಗಳಲ್ಲಿ ತಾರೀಕು, ಸಮಯ, ಎಷ್ಟು ಜನ ಅಂತ ಹಾಕಿದರೆ ಖಾಲಿ ಇರುವ ಜಾಗಗಳು ಕಾಣುತ್ತವೆ. ಆಪ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಟೇಬಲ್ ಇಲ್ಲ ಅಂತಲ್ಲ. ಫೋನ್ ಮಾಡಿ ಕೇಳಿ. ಹಾಗೆಯೇ ಗೂಗಲ್‌ನಲ್ಲಿ ತೆರೆದಿರುತ್ತದೆ ಅಂತ ತೋರಿಸಿದರೂ ನಂಬಬೇಡಿ. ಸಿಬ್ಬಂದಿಗೂ ಹಬ್ಬ ಅಲ್ವಾ, ಸಣ್ಣ ರೆಸ್ಟೋರೆಂಟ್‌ಗಳು ಅವತ್ತು ಬಾಗಿಲು ಹಾಕುವುದೇ ಜಾಸ್ತಿ.

ಬುಕ್ ಮಾಡುವ ಮುಂಚೆ ಮೂರು ವಿಷಯ ಓದಿಕೊಳ್ಳಿ. ಒಂದು, ಒಬ್ಬರಿಗೆ ಇಷ್ಟು ಅಂತ ಒಂದೇ ದರವೋ, ಅಥವಾ ಮಾಮೂಲಿ ಮೆನು ಕೂಡ ಇದೆಯೋ. ಅವತ್ತು ಹೆಚ್ಚಿನ ಕಡೆ ಒಂದೇ ದರ: ಮೊದಲಿಗೊಂದು, ಮುಖ್ಯ ಊಟಕ್ಕೊಂದು, ಸಿಹಿಗೊಂದು ಆರಿಸಿಕೊಳ್ಳಬೇಕು. ಎರಡು, ಮಕ್ಕಳಿಗೆ ಬೇರೆ ದರ ಇದೆಯೇ, ಎಷ್ಟು ವಯಸ್ಸಿನವರೆಗೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಕ್ಯಾನ್ಸಲ್ ಮಾಡಿದರೆ ಏನು ಕತೆ. ಕೆಲವರು ಕಾರ್ಡ್ ನಂಬರ್ ಮಾತ್ರ ತೆಗೆದುಕೊಳ್ಳುತ್ತಾರೆ, ಕೆಲವರು ಪೂರ್ತಿ ದುಡ್ಡನ್ನೇ ಮುಂಗಡ ಪಡೆಯುತ್ತಾರೆ. ಎರಡು ಮೂರು ದಿನ ಮುಂಚೆ ತಿಳಿಸದಿದ್ದರೆ ತಲೆಗೆ ಇಷ್ಟು ಅಂತ ಕಾರ್ಡ್‌ನಿಂದ ಕತ್ತರಿಸುತ್ತಾರೆ. ಆರು ಜನ ಅಂತ ಹೇಳಿ ನಾಲ್ಕು ಜನ ಹೋದರೂ ಆರು ಜನರ ದುಡ್ಡು ಹೋಗಬಹುದು. "ಬಂದ್ರೆ ಬರ್ತಾರೆ, ಇರಲಿ, ಒಂದೆರಡು ಜಾಸ್ತಿ ಹೇಳಿರು" ಅನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇಲ್ಲಿಂದ ಹೋದವರು ನಮ್ಮ ಬ್ಯಾಂಕಿನ ಕಾರ್ಡ್ ಕೊಡುವುದಾದರೆ, ಬ್ಯಾಂಕ್ ಆಪ್‌ನಲ್ಲಿ ವಿದೇಶಿ ಬಳಕೆ ಆನ್ ಆಗಿದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಜೊತೆಗೆ ವಯಸ್ಸಾದವರು ಇದ್ದರೆ ಫೋನ್‌ನಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಟಾಯ್ಲೆಟ್ ಎಲ್ಲಿದೆ? ನ್ಯೂಯಾರ್ಕ್‌ನ ಹಳೆ ಕಟ್ಟಡಗಳಲ್ಲಿ ಅದು ಎಷ್ಟೋ ಕಡೆ ನೆಲಮಾಳಿಗೆಯಲ್ಲಿರುತ್ತದೆ. ಕಡಿದಾದ ಮೆಟ್ಟಿಲು, ಕಿರಿದಾದ ದಾರಿ. ಮಂಡಿನೋವಿನ ಅಮ್ಮನಿಗೆ ಊಟದ ಮಧ್ಯೆ ಇದು ಗೊತ್ತಾಗುವುದು ಬೇಡ.

ಎಲ್ಲಿಗೆ ಹೋಗಬೇಕು ಅನ್ನುವುದು ನಿಮ್ಮ ಜೇಬಿಗೆ ಬಿಟ್ಟದ್ದು. ಊರನ್ನೂ ನೋಡಿದಂತಾಗಲಿ ಅನ್ನುವವರು ಎರಡು ಜಾಗಗಳ ಮೆನು ನೋಡಬಹುದು. ಒಂದು, ಸೆಂಟ್ರಲ್ ಪಾರ್ಕ್ ಒಳಗಿನ ಟ್ಯಾವರ್ನ್ ಆನ್ ದಿ ಗ್ರೀನ್. ಅದು ಒಂದು ಕಾಲದ ಕುರಿದೊಡ್ಡಿ, 1934ರಲ್ಲಿ ರೆಸ್ಟೋರೆಂಟ್ ಆಯಿತು. ಇನ್ನೊಂದು, ಪರ್ಲ್ ಸ್ಟ್ರೀಟ್‌ನ ಫ್ರಾನ್ಸಸ್ ಟ್ಯಾವರ್ನ್. ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ 1783ರ ಡಿಸೆಂಬರ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ತನ್ನ ಸೇನಾಧಿಕಾರಿಗಳಿಗೆ ವಿದಾಯ ಹೇಳಿದ್ದು ಅಲ್ಲೇ.

ಎಷ್ಟು ಗಂಟೆಗೆ?

ಥ್ಯಾಂಕ್ಸ್‌ಗಿವಿಂಗ್ ಡಿನ್ನರ್ ಅಂದರೂ ಅದು ರಾತ್ರಿಯೂಟವೇ ಆಗಬೇಕಿಲ್ಲ. ಅಮೆರಿಕದ ಮನೆಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಕೂರುವವರು ಬಹಳ. ರೆಸ್ಟೋರೆಂಟ್‌ಗಳೂ ಮಧ್ಯಾಹ್ನದಿಂದಲೇ ಬಡಿಸಲು ಶುರುಮಾಡುತ್ತವೆ. ಮೂರರಿಂದ ಆರರ ನಡುವಿನ ಟೇಬಲ್‌ಗಳಿಗೇ ಎಲ್ಲರ ಕಣ್ಣು. ನಮ್ಮ ಹೊಟ್ಟೆಯ ಗಡಿಯಾರಕ್ಕೆ ಒಂದೂವರೆ ಗಂಟೆಯೇ ಸರಿ. ಟೇಬಲ್ ಸುಲಭವಾಗಿ ಸಿಗುತ್ತದೆ, ಟರ್ಕಿಯೂ ಆಗ ತಾನೇ ಬೇಯಿಸಿ ತುಂಡು ಮಾಡಿದ್ದಿರುತ್ತದೆ, ಅಷ್ಟು ಭಾರದ ಊಟ ಕರಗಲು ಸಂಜೆ ಪೂರ್ತಿ ಕೈಯಲ್ಲಿರುತ್ತದೆ. ಒಂದೂವರೆ, ಎರಡು ಗಂಟೆಯೊಳಗೆ ಟೇಬಲ್ ಬಿಟ್ಟುಕೊಡಿ ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಅದನ್ನು ಬುಕಿಂಗ್‌ನಲ್ಲೇ ಬರೆದಿರುತ್ತಾರೆ.

ಸಸ್ಯಾಹಾರಿಗಳು ತಟ್ಟೆಯನ್ನು ಹೀಗೆ ಓದಬೇಕು

ಸಸ್ಯಾಹಾರಿಗಳು ಟರ್ಕಿ ಬಿಟ್ಟು ಪಕ್ಕದ ಪದಾರ್ಥಗಳನ್ನೆಲ್ಲ ತಿನ್ನೋಣ ಅಂದುಕೊಳ್ಳುತ್ತಾರೆ. ಮಾಂಸ ಅಡಗಿ ಕೂತಿರುವುದು ಆ ಪಕ್ಕದ ಪದಾರ್ಥಗಳಲ್ಲೇ.

ಸ್ಟಫಿಂಗ್ ನೋಡಿ. ಒಣಗಿದ ಬ್ರೆಡ್ ತುಂಡು, ಈರುಳ್ಳಿ, ಸೆಲೆರಿ, ಸೇಜ್ ಎಲೆ ಹಾಕಿ ಬೇಯಿಸಿದ್ದು. ನೋಡಲು ಪಕ್ಕಾ ಸಸ್ಯಾಹಾರ. ಆದರೆ ಬ್ರೆಡ್ ನೆನೆಸಿರುವುದು ಕೋಳಿ ಇಲ್ಲವೇ ಟರ್ಕಿ ಮೂಳೆ ಕುದಿಸಿದ ನೀರಿನಲ್ಲಿ, ಅಂದರೆ ಸ್ಟಾಕ್‌ನಲ್ಲಿ. ಎಷ್ಟೋ ಕಡೆ ಹಂದಿಮಾಂಸದ ಸಾಸೇಜ್ ಕೂಡ ಪುಡಿಮಾಡಿ ಹಾಕುತ್ತಾರೆ. ಗ್ರೇವಿ ಅಂತೂ ಟರ್ಕಿ ಬೆಂದಾಗ ತಟ್ಟೆಗೆ ಇಳಿದ ರಸದಿಂದಲೇ ಮಾಡಿದ್ದು. ಮ್ಯಾಶ್ಡ್ ಪೊಟೇಟೊ ಬೆಣ್ಣೆ ಮತ್ತು ಕ್ರೀಮ್ ಹಾಕಿದ ಆಲೂಗಡ್ಡೆ, ಅದೇನೋ ಸರಿ. ಆದರೆ ನೀವು ಬೇಡ ಅನ್ನುವಷ್ಟರಲ್ಲಿ ಅದರ ಮೇಲೆ ಗ್ರೇವಿ ಸುರಿದು ತಂದಿರುತ್ತಾರೆ. ಬ್ರಸೆಲ್ಸ್ ಸ್ಪ್ರೌಟ್ಸ್ ಅನ್ನುವ ಪುಟ್ಟ ಕೋಸಿನ ಜೊತೆ ಬೇಕನ್ ಅನ್ನುವ ಹಂದಿಮಾಂಸದ ಚೂರು ಸಾಮಾನ್ಯ. ಗೆಣಸನ್ನು ಓವನ್‌ನಲ್ಲಿ ಬೇಯಿಸಿದ ಕ್ಯಾಸರೋಲ್ ಮೇಲೆ ಕಂದುಬಣ್ಣ ಬರುವಂತೆ ಸುಟ್ಟ ಮಾರ್ಷ್‌ಮೆಲೋ ಅನ್ನುವ ಮೆತ್ತನೆಯ ಸಿಹಿ ಇದ್ದರೆ ಅದರಲ್ಲಿ ಜೆಲಾಟಿನ್ ಇರುತ್ತದೆ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಸಿಹಿ ಗೆಣಸಿಗೆ ಮತ್ತೆ ಅಷ್ಟು ಸಕ್ಕರೆ ಯಾಕೆ ಬೇಕೋ, ಅದು ಬೇರೆ ವಿಷಯ. ಕುಂಬಳಕಾಯಿ ಸೂಪ್‌ನಲ್ಲೂ ಕೋಳಿ ಸ್ಟಾಕ್ ಇರಬಹುದು.

ಕಣ್ಣುಮುಚ್ಚಿ ತಿನ್ನಬಹುದಾದದ್ದು ಅಂದರೆ ಕ್ರ್ಯಾನ್‌ಬೆರಿ ಸಾಸ್. ಹುಳಿ ಹಣ್ಣು, ಸಕ್ಕರೆ, ಅಷ್ಟೇ. ಸಪ್ಪೆ ಊಟಕ್ಕೆ ಜೀವ ಬರುವುದು ಅದರಿಂದಲೇ ಅಂತ ನನ್ನ ಲೆಕ್ಕ, ಎರಡನೇ ಸಲ ಕೇಳಲು ನಾಚಬೇಡಿ.

ಸಿಹಿಗೆ ಬಂದರೆ, ಕುಂಬಳಕಾಯಿ ಪೈ, ಪೆಕನ್ ಪೈ ಎರಡರಲ್ಲೂ ಮೊಟ್ಟೆ ಇದೆ. ಆ್ಯಪಲ್ ಪೈ ಒಳಗೆ ಇರುವುದಿಲ್ಲ, ಆದರೆ ಹೊರಪದರ ಹೊಳೆಯಲಿ ಅಂತ ಮೊಟ್ಟೆ ಸವರುತ್ತಾರೆ, ಕೆಲವರು ಹಿಟ್ಟು ಕಲಸುವಾಗ ಹಂದಿ ಕೊಬ್ಬು ಬಳಸುತ್ತಾರೆ. ಮೊಟ್ಟೆ ತಿನ್ನದವರು ಸಾರ್ಬೆ ಅನ್ನುವ ಹಣ್ಣಿನ ಐಸ್ ಇದೆಯೇ ಕೇಳುವುದು ಕ್ಷೇಮ.

ಹಾಗಾದರೆ ಕೇಳುವುದು ಹೇಗೆ? "ಇದು ವೆಜಿಟೇರಿಯನ್ನಾ?" ಅಂತ ಕೇಳಿದರೆ "ಹೌದು, ಮಾಂಸ ಇಲ್ಲ" ಅನ್ನುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಸ್ಟಾಕ್ ಮಾಂಸವಲ್ಲ. ಹೆಸರು ಹಿಡಿದು ಕೇಳಬೇಕು: ಚಿಕನ್ ಸ್ಟಾಕ್ ಹಾಕಿದ್ದೀರಾ, ಬೇಕನ್ ಇದೆಯಾ, ಜೆಲಾಟಿನ್ ಇದೆಯಾ, ಮೊಟ್ಟೆ ಇದೆಯಾ. ಅದನ್ನೂ ಹಬ್ಬದ ದಿನ ಓಡಾಡುತ್ತಿರುವ ವೇಟರ್ ಹತ್ತಿರ ಅಲ್ಲ, ಬುಕ್ ಮಾಡುವಾಗಲೇ. ಆಪ್‌ನಲ್ಲಿ ವಿಶೇಷ ಕೋರಿಕೆ ಬರೆಯಲು ಒಂದು ಜಾಗ ಇರುತ್ತದೆ, ಅಲ್ಲಿ ಬರೆಯಿರಿ. ಎರಡು ದಿನ ಮುಂಚೆ ಇನ್ನೊಂದು ಫೋನ್ ಮಾಡಿ. ಮುಂಚೆ ಹೇಳಿದರೆ ಅಣಬೆ, ಕುಂಬಳಕಾಯಿಯ ಯಾವುದಾದರೂ ಬಿಸಿ ಪದಾರ್ಥ ಮಾಡಿಕೊಡುತ್ತಾರೆ. ಅವತ್ತೇ ಹೇಳಿದರೆ ಒಂದು ಸಲಾಡ್ ಬರುತ್ತದೆ, ದುಡ್ಡು ಮಾತ್ರ ಅಷ್ಟೇ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಈ ಊಟ ಬೇಡವೇ ಬೇಡ.

ಟರ್ಕಿ ತಿನ್ನುವವರಿಗೆ

ಸುಮ್ಮನಿದ್ದರೆ ಎದೆಭಾಗದ ಬಿಳಿ ಮಾಂಸ ಬರುತ್ತದೆ. ನೋಡಲು ಚೆಂದ, ಸ್ವಲ್ಪ ಹೊತ್ತಾದರೆ ಒಣಕಲು. ತೊಡೆ, ಕಾಲಿನ ಡಾರ್ಕ್ ಮೀಟ್ ಕೊಡಿ ಅಂತ ಕೇಳಿ. ರಸ ಇರುತ್ತದೆ, ರುಚಿಯೂ ಇರುತ್ತದೆ. ಖಾರ ಅಂತೂ ಇಲ್ಲ, ಹಾಟ್ ಸಾಸ್ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಂದು ತುಂಡು ತಿಂದು ಇದೇನು ಮಹಾ ಅನ್ನಿಸಿದರೆ ಅದು ನಿಮ್ಮ ನಾಲಿಗೆಯ ತಪ್ಪಲ್ಲ. ಮೀನೋ ಕುರಿಮಾಂಸವೋ ಮೆನುವಿನಲ್ಲಿದ್ದರೆ ಅದನ್ನೇ ಹೇಳಿ.

ಅವತ್ತು ಬೆಳಿಗ್ಗೆ

ಮೇಸೀಸ್ ಅನ್ನುವ ದೊಡ್ಡ ಅಂಗಡಿ ನಡೆಸುವ ಹಬ್ಬದ ಮೆರವಣಿಗೆ 1924ರಲ್ಲಿ ಶುರುವಾದದ್ದು. ಆ ದೊಡ್ಡ ಬಲೂನುಗಳು 77ನೇ ಬೀದಿಯಿಂದ ಸೆಂಟ್ರಲ್ ಪಾರ್ಕ್ ವೆಸ್ಟ್‌ನಲ್ಲಿ ಇಳಿದು, ಪಾರ್ಕಿನ ದಕ್ಷಿಣ ಅಂಚಿಗೆ ತಿರುಗಿ, ಆರನೇ ಅವೆನ್ಯೂ ಹಿಡಿದು 34ನೇ ಬೀದಿಯ ಅಂಗಡಿ ಮುಂದೆ ಮುಗಿಸುತ್ತವೆ. ಮುಗಿಯುವಾಗ ಹೆಚ್ಚುಕಡಿಮೆ ಮಧ್ಯಾಹ್ನ. ಅಲ್ಲಿಯವರೆಗೆ ಆ ರಸ್ತೆಗಳಲ್ಲಿ ಟ್ಯಾಕ್ಸಿ ಇಲ್ಲ, ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವುದೂ ಕಷ್ಟ. ನಿಮ್ಮ ರೆಸ್ಟೋರೆಂಟ್ ಆ ಬದಿಗಿದ್ದರೆ ಸಬ್‌ವೇಯೇ ಗತಿ. ರಜಾದಿನ ರೈಲುಗಳು ಕಡಿಮೆ, ಅರ್ಧ ಗಂಟೆ ಮುಂಚೆ ಹೊರಡಿ. ಹದಿನೈದು ನಿಮಿಷ ತಡವಾದರೆ ಟೇಬಲ್ ಬೇರೆಯವರಿಗೆ ಹೋಗಬಹುದು.

ಚಳಿ ಇರುತ್ತದೆ, ಹೆಬ್ಬಂಡೆಯಂಥ ಕೋಟುಗಳೂ ಇರುತ್ತವೆ. ಬಾಗಿಲಲ್ಲೇ ಕೋಟು ಇಟ್ಟುಕೊಂಡು ಚೀಟಿ ಕೊಡುವವರಿಗೆ ವಾಪಸ್ ಪಡೆಯುವಾಗ ಕೋಟಿಗೆ ಒಂದೆರಡು ಡಾಲರ್ ಕೊಡುವುದು ವಾಡಿಕೆ. ಬಿಯರ್, ವೈನ್ ಬೇಕೆನ್ನುವ ಹುಡುಗರಿಗೆ 21 ತುಂಬಿರಬೇಕು, ವಯಸ್ಸಿನ ಗುರುತಿಗೆ ಮೂಲ ದಾಖಲೆಯೇ ಬೇಕು.

ಬಿಲ್ ಬಂದಾಗ

ಮೆನುವಿನಲ್ಲಿ ಕಾಣುವ ದರ ಕೊನೆಯ ದರವಲ್ಲ. ಉದಾಹರಣೆಗೆ ಒಬ್ಬರಿಗೆ 95 ಡಾಲರ್, ನಾಲ್ಕು ಜನ ಅಂತಿಟ್ಟುಕೊಳ್ಳಿ. 380 ಆಯಿತು. ನ್ಯೂಯಾರ್ಕ್ ನಗರದ ಮಾರಾಟ ತೆರಿಗೆ ಶೇ 8.875, ಅಂದರೆ ಸುಮಾರು 34. ಟಿಪ್ಸ್ ಶೇ 20 ಅಂದರೆ 76. ಒಟ್ಟು 490 ಡಾಲರ್, ಕುಡಿಯುವುದನ್ನು ಬಿಟ್ಟು. ಇದನ್ನು ರೂಪಾಯಿಗೆ ಬದಲಿಸಿ ನೋಡುವ ಕೆಲಸ ಮಾತ್ರ ಊಟದ ಮೇಜಿನಲ್ಲಿ ಬೇಡ, ಅಪ್ಪನಿಗೆ ಪೈ ಗಂಟಲಲ್ಲಿ ಇಳಿಯುವುದಿಲ್ಲ.

ಟಿಪ್ಸ್ ಇಷ್ಟವಿದ್ದರೆ ಕೊಡುವುದು ಅನ್ನುವ ಹಾಗಿಲ್ಲ. ಬಡಿಸುವವರ ಸಂಪಾದನೆಯ ದೊಡ್ಡ ಪಾಲು ಅದೇ. ಶೇ 18ರಿಂದ 20 ಮಾಮೂಲು, ತೆರಿಗೆ ಸೇರಿಸುವ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು. ಆದರೆ ಕೊಡುವ ಮುಂಚೆ ಬಿಲ್ ಮೇಲಿಂದ ಕೆಳಗೆ ಓದಿ. ಆರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಎಷ್ಟೋ ಕಡೆ ಅವರೇ ಟಿಪ್ಸ್ ಸೇರಿಸಿಬಿಟ್ಟಿರುತ್ತಾರೆ. ಗ್ರಾಚ್ಯುಟಿ ಅಂತ ಬರೆದಿದ್ದರೆ ಅದೇ ಟಿಪ್ಸ್, ಮತ್ತೆ ಕೊಡಬೇಕಿಲ್ಲ. ಕಾರ್ಡ್ ತೆಗೆದುಕೊಂಡು ಹೋಗಿ ಚೀಟಿ ತರುತ್ತಾರೆ. ಅದರಲ್ಲಿ ಟಿಪ್ಸ್ ಎಷ್ಟು, ಒಟ್ಟು ಎಷ್ಟು ಅಂತ ನೀವೇ ಬರೆದು ಸಹಿ ಹಾಕಬೇಕು. ಒಟಿಪಿ ಬರಲಿಲ್ಲ ಅಂತ ಫೋನ್ ನೋಡುತ್ತಾ ಕೂರಬೇಡಿ.

ಉಳಿದದ್ದನ್ನು ಡಬ್ಬಿಗೆ ಹಾಕಿಕೊಡಿ ಅಂತ ಧಾರಾಳವಾಗಿ ಕೇಳಿ, ಅಲ್ಲಿ ಎಲ್ಲರೂ ಕೇಳುತ್ತಾರೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಲಿ. ಬೇಯಿಸಿದ ಟರ್ಕಿ ಮೂರು ನಾಲ್ಕು ದಿನ ಇರುತ್ತದೆ, ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಹುರಿದರೆ ಹೋಟೆಲಿನಲ್ಲಿ ತಿಂದದ್ದಕ್ಕಿಂತ ಚೆನ್ನಾಗಿರುತ್ತದೆ.

ಬುಕ್ ಮಾಡುವುದು ಮರೆತೇ ಹೋದರೆ?

ದಾರಿ ಇದೆ. ಬುಧವಾರ ರಾತ್ರಿ ಆಪ್ ಮತ್ತೆ ತೆರೆದು ನೋಡಿ, ಕ್ಯಾನ್ಸಲ್ ಆದ ಟೇಬಲ್‌ಗಳು ಆಗ ಕಾಣಿಸಬಹುದು. ಇಬ್ಬರೇ ಇದ್ದರೆ ಬಾರ್ ಕೌಂಟರ್‌ನ ಕುರ್ಚಿಗಳನ್ನು ಕೇಳಿ, ಅಲ್ಲಿಗೆ ಬುಕಿಂಗ್ ಬೇಡದ ಕಡೆಗಳೂ ಇವೆ. ಬೀದಿ ಮೂಲೆಯ ಡೈನರ್ ಅನ್ನುವ ಸಾದಾ ಹೋಟೆಲುಗಳು ತೆರೆದಿದ್ದರೆ ಟರ್ಕಿ, ಸ್ಟಫಿಂಗ್, ಕ್ರ್ಯಾನ್‌ಬೆರಿ ಎಲ್ಲ ಒಂದೇ ತಟ್ಟೆಯಲ್ಲಿ ಹಾಕಿ ಕಡಿಮೆ ದುಡ್ಡಿಗೆ ಕೊಡುತ್ತವೆ. ಚೈನಾಟೌನ್‌ನಲ್ಲಿ ಅವತ್ತೂ ಒಲೆ ಉರಿಯುತ್ತಿರುತ್ತದೆ. ನಮ್ಮ ಊಟವೇ ಬೇಕೆಂದರೆ ಲೆಕ್ಸಿಂಗ್ಟನ್ ಅವೆನ್ಯೂವಿನ 26ರಿಂದ 29ನೇ ಬೀದಿಯ ಆಸುಪಾಸು, ಇಲ್ಲವೇ ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್. ದೋಸೆಗೆ ಫ್ಲಶಿಂಗ್‌ನ ಗಣೇಶ ದೇವಸ್ಥಾನದ ಕ್ಯಾಂಟೀನ್ ಇದೆ. 7 ನಂಬರ್ ರೈಲಿನ ಕೊನೆಯ ನಿಲ್ದಾಣದಲ್ಲಿ ಇಳಿದು ಸ್ವಲ್ಪ ದೂರ ಹೋಗಬೇಕು. ಅವತ್ತು ತೆರೆದಿರುತ್ತಾ, ಎಷ್ಟು ಗಂಟೆವರೆಗೆ ಅಂತ ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.